ಒಂಬತ್ತು ಕಿಲೋಮೀಟರ್ ನುಂಗಿದ ಟೈರು

ನನ್ನ ತಂಗಿ ಸ್ವಾವಾಳ ಗಂಡ ಇಂಗಿಮಾರ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದಕ್ಕೆ ಸಂದರ್ಭ ಸಿಗುತ್ತದೆಂಬ ನಂಬಿಕೆ ನನಗಿಲ್ಲ. ಕುರಿ ಸಾಕುವುದರಲ್ಲಿ ನಮ್ಮ ಹ್ವಾಮ್ ಕಣಿವೆಯಲ್ಲಿ ಅವನನ್ನು ಮೀರಿಸುವವರಿಲ್ಲ. ಕಾಫಿ ಕೇಳಿದವರಿಗೆ ಊಟ ಹಾಕಿ ಕಳಿಸುತ್ತಾನೆ. ಅವನ ತೊಂದರೆ ಒಂದೇ. ಜಗತ್ತಿನ ಯಾವ ವಿಷಯದಲ್ಲೂ ಅವನಿಗೆ ಅನುಮಾನ ಅನ್ನುವುದು ಬರುವುದಿಲ್ಲ.

ಟೈರಿನ ಕಥೆ ಶುರುವಾದದ್ದು ತೊಂಬತ್ತಮೂರನೇ ಇಸವಿಯ ನಡುಚಳಿಗಾಲದ ಹಬ್ಬದ ದಿನ. ಕಣಿವೆಯವರೆಲ್ಲ ಹುಳಿ ಹಾಕಿದ ಕುರಿಮಾಂಸ, ಒಣಮೀನು, ಬೆಣ್ಣೆ ಎಂದು ಹೊತ್ತುಕೊಂಡು ಸಮುದಾಯ ಭವನಕ್ಕೆ ಬಂದಿದ್ದೆವು. ಇಂಗಿಮಾರನ ಜಪಾನಿ ಜೀಪು ಭವನದ ಬಾಗಿಲಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಹಿಮದಲ್ಲಿ ಹೂತುಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಆಗ ಸಾಲ್ವೋರ್ ಅಜ್ಜಿ, ವಯಸ್ಸು ಎಪ್ಪತ್ತೆಂಟು, ಹಬ್ಬದ ಲಂಗ ಉಟ್ಟು, ತೋಳಿಗೆ ಕೈಚೀಲ ನೇತುಹಾಕಿಕೊಂಡೇ ತನ್ನ ಹಳೇ ಟ್ರ್ಯಾಕ್ಟರ್ ತಂದು, ಸರಪಳಿ ಕಟ್ಟಿ, ಜೀಪನ್ನು ಎಳೆದು ಹಾಕಿದಳು. ಊರೆಲ್ಲ ನಿಂತು ನೋಡಿತು. ಅಜ್ಜಿ ಕೈ ಒರೆಸಿಕೊಳ್ಳುತ್ತಾ, ಕುರಿ ಹೊಟ್ಟೆಯಿಂದ ಮರಿ ಎಳೆಯುವುದು ಇದಕ್ಕಿಂತ ಕಷ್ಟ ಎಂದಳು. ಊಟ ಮುಗಿಯುವವರೆಗೂ ಆ ಮಾತು ಮೇಜಿನಿಂದ ಮೇಜಿಗೆ ಓಡಾಡಿತು. ಇಂಗಿಮಾರ ಆವತ್ತು ಮೀನನ್ನೂ ಮುಟ್ಟಲಿಲ್ಲ.

ಹಾಗಾಗಿ ಶರತ್ಕಾಲದಲ್ಲಿ ಬೆಟ್ಟದಿಂದ ಕುರಿ ಇಳಿಸಿದ್ದೇ ತಡ, ನನ್ನನ್ನು ಕೂರಿಸಿಕೊಂಡು ಸ್ಟೋರ್ವಿಕ್ ಪೇಟೆಗೆ ಹೋಗಿ ಮೂವತ್ತೆಂಟು ಇಂಚಿನ ನಾಲ್ಕು ಟೈರು ಹೇರಿಸಿಕೊಂಡ. ನಮ್ಮ ದೇಶದಲ್ಲಿ 'ಮೂವತ್ತೆಂಟು' ಎಂದರೆ ಸಾಕು, ಏನು ಮೂವತ್ತೆಂಟು ಎಂದು ಯಾರೂ ಕೇಳುವುದಿಲ್ಲ. ಟೈರ್ ಅಂಗಡಿಯವನು ಒಳ್ಳೆಯ ಮನುಷ್ಯ. ಈಗಿರುವುದು ಮೂವತ್ತೊಂದು ಇಂಚಿನದು, ದೊಡ್ಡದು ಹಾಕಿದ ಮೇಲೆ ಗಾಡಿ ತಂದು ಮೀಟರ್ ಸರಿಮಾಡಿಸಿಕೊ, ಆಮೇಲೆ ತಪಾಸಣೆಗೆ ತೋರಿಸು ಎಂದು ಎರಡು ಸಲ ಹೇಳಿದ.

"ಮೀಟರ್ ಚೆನ್ನಾಗೇ ಓಡ್ತಿದೆ," ಎಂದ ಇಂಗಿಮಾರ. "ಕೆಡದೇ ಇರೋದನ್ನ ಯಾಕಪ್ಪ ರಿಪೇರಿ ಮಾಡಿಸ್ಲಿ?"

ಅಂಗಡಿಯವನು ನನ್ನ ಮುಖ ನೋಡಿದ. ನಾನೂ, ಹೌದಲ್ಲ, ಚೆನ್ನಾಗೇ ಓಡುತ್ತಿದೆ ಎಂದು ತಲೆಯಾಡಿಸಿದೆ. ಈ ಕಥೆಯಲ್ಲಿ ನನ್ನ ಪಾಲಿನ ದಡ್ಡತನ ಇಷ್ಟು. ಮುಂದಿನದೆಲ್ಲ ಅವನದು.

ಟೈರು ಹಾಕುವುದಕ್ಕೆ ನಾಲ್ಕು ದಿನ ಹಿಡಿಯಿತು. ಬಾಡಿಯನ್ನು ಜಾಕಿನಿಂದ ಎತ್ತಿ ಕೆಳಗೆ ದಿಮ್ಮಿ ಕೊಟ್ಟೆವು. ಮಡ್‌ಗಾರ್ಡು ಕೊಯ್ದೆವು. ಸ್ಟೀರಿಂಗ್ ತಿರುಗಿಸಿದರೆ ಟೈರು ಉಜ್ಜಿತು, ಇನ್ನಷ್ಟು ಕೊಯ್ದೆವು. ಕೊಯ್ಯುವ ಭರದಲ್ಲಿ ಇಂಗಿಮಾರ ಬಾಗಿಲಿನ ಒಂದು ಮೂಲೆಯನ್ನೂ ಕೊಯ್ದ. ಎಲ್ಲ ಮುಗಿದ ಮೇಲೆ ಜೀಪು ಕೊಟ್ಟಿಗೆಯೊಳಗೆ ಹೋಗಲಿಲ್ಲ, ಕೊಟ್ಟಿಗೆಯ ಬಾಗಿಲನ್ನೂ ಕೊಯ್ದೆವು. ಸ್ವಾವಾ ಬಂದು ಸುಮ್ಮನೆ ಒಂದು ಸುತ್ತು ಹಾಕಿ, ಹತ್ತುವುದು ಹೇಗೆ ಎಂದು ಕೇಳಿದಳು. ಇಂಗಿಮಾರ ಹಾಲಿನ ಕ್ರೇಟ್ ಒಂದಕ್ಕೆ ಹಗ್ಗ ಕಟ್ಟಿ ತೋರಿಸಿದ. ಕ್ರೇಟ್ ಕೆಳಗಿಟ್ಟು ಹತ್ತುವುದು, ಹತ್ತಿದ ಮೇಲೆ ಹಗ್ಗ ಎಳೆದುಕೊಳ್ಳುವುದು. ಅವಳು ನಡೆದುಕೊಂಡೇ ಶಾಲೆಗೆ ಹೋದಳು.

ಶಾಲೆ ಎಂದೆನಲ್ಲ, ಅದರ ವಿಷಯ ಹೇಳಬೇಕು. ಹ್ವಾಮ್ ಶಾಲೆಗೆ ಒಂದೇ ಕೋಣೆ, ಹನ್ನೊಂದು ಮಕ್ಕಳು, ಒಬ್ಬಳೇ ಟೀಚರು. ಆ ಟೀಚರು ನನ್ನ ತಂಗಿ. ಹದಿನಾರು ವರ್ಷದಿಂದ ಆ ಕೋಣೆಯನ್ನು ಅವಳೇ ನಡೆಸಿದ್ದಾಳೆ.

ಹೊಸ ಟೈರಿನ ಮೊದಲ ಸವಾರಿ ಸ್ಟೋರ್ವಿಕ್‌ಗೆ. ಶಾಲೆಯ ಗೇಟಿನ ಹತ್ತಿರ ಇಂಗಿಮಾರ ಮೀಟರನ್ನು ಸೊನ್ನೆಗೆ ತಂದ. ಕಾನೂನು ಹೇಳಿದಂತೆ ತೊಂಬತ್ತರಲ್ಲೇ ಓಡಿಸಿದ, ಮುಳ್ಳು ಒಂದು ಕೂದಲೂ ಆಚೆ ಈಚೆ ಆಗಲಿಲ್ಲ. ಬೇಲಿ ಕಂಬಗಳು ಸ್ವಲ್ಪ ಜೋರಾಗಿಯೇ ಓಡುತ್ತಿವೆ ಅನ್ನಿಸಿತು. ಎತ್ತರದಲ್ಲಿ ಕೂತಿದ್ದಕ್ಕೆ ಹಾಗೆ ಎಂದುಕೊಂಡೆ. ಪೇಟೆಯ ಅಂಚಿನ ಬೋರ್ಡಿನ ಮುಂದೆ ಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಭಾವ, ಮೀಟರಲ್ಲಿ ಎಷ್ಟಿದೆ, ಓದು."

ಮೂವತ್ತೊಂಬತ್ತು ಎಂದೆ.

"ಬೋರ್ಡಲ್ಲಿ?"

ಹ್ವಾಮ್ ನಲವತ್ತೆಂಟು ಎಂದಿತ್ತು.

ಅವನು ಮೀಟರನ್ನೂ ಬೋರ್ಡನ್ನೂ ಇನ್ನೊಮ್ಮೆ ನೋಡಿದ. ಆಮೇಲೆ ತೊಡೆ ತಟ್ಟಿದ. ಹೋದ ಬೇಸಿಗೆಯಲ್ಲಿ ರಸ್ತೆ ಇಲಾಖೆಯವರು ಎರಡು ತಿರುವು ನೇರ ಮಾಡಿದ್ದು ನೆನಪಿದೆಯಾ ಎಂದು ಕೇಳಿದ. ನೆನಪಿತ್ತು. ದಾರಿ ಒಂಬತ್ತು ಕಿಲೋಮೀಟರ್ ಕಡಿಮೆಯಾಗಿದೆ, ಸೋಮಾರಿಗಳು ಬೋರ್ಡು ಬದಲಾಯಿಸಿಲ್ಲ ಎಂದ. ಆ ಎರಡು ತಿರುವು ಸೇರಿದರೂ ಇನ್ನೂರು ಮೀಟರ್ ಆಗುವುದಿಲ್ಲವಲ್ಲ ಎಂದೆ. ಅವನು ಕೈಗಡಿಯಾರ ತೋರಿಸಿದ. ಹೊರಟು ಇಪ್ಪತ್ತಾರು ನಿಮಿಷ. ತೊಂಬತ್ತರ ವೇಗದಲ್ಲಿ ಇಪ್ಪತ್ತಾರು ನಿಮಿಷಕ್ಕೆ ಎಷ್ಟು ದೂರ, ನೀನೇ ಲೆಕ್ಕ ಹಾಕು ಎಂದ. ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಮೂವತ್ತೊಂಬತ್ತೇ ಬಂತು. ಗಡಿಯಾರವೂ ಅವನ ಪರವಾಗಿ ಸಾಕ್ಷಿ ಹೇಳಿದ ಮೇಲೆ ನಾನು ಯಾವ ಲೆಕ್ಕ?

ವಾಪಸ್ ಬರುವಾಗ ಪೊಲೀಸ್ ಹಾಫ್ಲಿದಿ ಕೈ ಅಡ್ಡ ಹಾಕಿದ. ಅವನು ಇಂಗಿಮಾರನ ಚಿಕ್ಕಮ್ಮನ ಮಗ. ಆದರೂ ಯೂನಿಫಾರ್ಮ್ ಹಾಕಿದಾಗ ಯಾರನ್ನೂ ಗುರುತಿಸುವುದಿಲ್ಲ. ವೇಗ ಅಳೆಯುವ ಯಂತ್ರವನ್ನು ಮೇಲಕ್ಕೆತ್ತಿ ತೋರಿಸಿದ. ನೂರಹತ್ತು.

ಇಂಗಿಮಾರನಿಗೆ ಕೋಪ ಬರಲಿಲ್ಲ, ಕನಿಕರ ಬಂತು. ನಾನು ತೊಂಬತ್ತರಲ್ಲಿ ಬಂದೆ, ಭಾವನೇ ಸಾಕ್ಷಿ, ನಿನ್ನ ಯಂತ್ರ ಹಾಳಾಗಿದೆ, ಪಾಪ ಎಷ್ಟು ಜನಕ್ಕೆ ಸುಳ್ಳು ದಂಡ ಹಾಕಿದ್ದೀಯೋ ಎಂದು ವಿಚಾರಿಸಿದ. ಹಾಫ್ಲಿದಿಯ ಕಿವಿ ಕೆಂಪಾಯಿತು. ದಂಡದ ಚೀಟಿ ಹರಿದು ಕೊಟ್ಟ. ಇಂಗಿಮಾರ ಅದರ ಹಿಂಬದಿಯಲ್ಲೇ, ಈ ಯಂತ್ರವನ್ನು ರಾಜಧಾನಿಗೆ ಕಳಿಸಿ ಪರೀಕ್ಷೆ ಮಾಡಿಸಬೇಕು ಎಂದು ದೂರು ಬರೆದು ವಾಪಸ್ ಕೊಟ್ಟ. ಕಾನೂನಿನ ಪ್ರಕಾರ ಹಾಫ್ಲಿದಿ ಅದನ್ನು ತೆಗೆದುಕೊಳ್ಳಲೇಬೇಕಾಯಿತು.

"ಸ್ವಾವಾಗೆ ಹೇಳ್ಬೇಡ ಭಾವ," ಎಂದ ದಾರಿಯಲ್ಲಿ. "ಮೆಷಿನ್ ಕೆಟ್ಟಿದೆ ಅಂತ ರಿಪೋರ್ಟ್ ಬರ್ಲಿ, ಎರಡೂ ಒಟ್ಟಿಗೆ ಹೇಳೋಣ."

ನಾನು ಹೇಳಲಿಲ್ಲ. ಕೊಟ್ಟ ಮಾತಿಗೆ ತಪ್ಪದಿರುವ ಕೆಟ್ಟ ಅಭ್ಯಾಸ ನನಗೆ ಮೊದಲಿನಿಂದ ಇದೆ.

ಶುಕ್ರವಾರ ಸಂಜೆ ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ ಎಲ್ಲರೂ ಕತ್ತಿನವರೆಗೆ ಮುಳುಗಿ ಕೂತಿದ್ದೆವು. ನಮ್ಮಲ್ಲಿ ಮದುವೆ, ಮೊಕದ್ದಮೆ, ಸರಕಾರ, ಎಲ್ಲವೂ ತೀರ್ಮಾನವಾಗುವುದು ಆ ತೊಟ್ಟಿಯಲ್ಲೇ. ಇಂಗಿಮಾರ ಎದೆಮಟ್ಟ ಮೇಲೆದ್ದು, ಹ್ವಾಮ್‌ನಿಂದ ಸ್ಟೋರ್ವಿಕ್‌ಗೆ ಮೂವತ್ತೊಂಬತ್ತೇ ಕಿಲೋಮೀಟರ್ ಎಂದು ಘೋಷಿಸಿದ. ಎಲ್ಲರೂ ತಮ್ಮ ತಮ್ಮ ಗಾಡಿಯಲ್ಲಿ ನಲವತ್ತೆಂಟೇ ತೋರಿಸುತ್ತದೆ ಎಂದರು. ಅವು ಹಳೇ ಗಾಡಿಗಳು, ಹಳೇ ದಾರಿಗೆ ಒಗ್ಗಿಹೋಗಿವೆ ಎಂದ ಇಂಗಿಮಾರ. ಸಾಲ್ವೋರ್ ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಆ ಒಂಬತ್ತು ಕಿಲೋಮೀಟರ್ ಎಲ್ಲಿಗೆ ಹೋಯ್ತು ಮಗಾ?"

"ತಿರುವಲ್ಲಿತ್ತು ಅಜ್ಜಿ."

ತನ್ನ ಟ್ರ್ಯಾಕ್ಟರಿಗೆ ಮೀಟರೇ ಇಲ್ಲ, ಮೊದಲೂ ಎರಡು ಗಂಟೆ ಹಿಡಿಯುತ್ತಿತ್ತು, ಈಗಲೂ ಎರಡು ಗಂಟೆ ಹಿಡಿಯುತ್ತದೆ ಎಂದು ಅಜ್ಜಿ ಮತ್ತೆ ನೀರಿಗಿಳಿದಳು. ಇಂಗಿಮಾರ ಮನೆಗೆ ಹೋಗಿ ಜಿಲ್ಲಾ ಕಚೇರಿಗೆ ಮೂರು ಪುಟದ ಕಾಗದ ಬರೆದ. ಬೋರ್ಡು ತಿದ್ದಬೇಕು, ಜನರನ್ನು ದಾರಿ ತಪ್ಪಿಸಬಾರದು, ಸತ್ಯಕ್ಕೆ ಬೆಲೆ ಕೊಡಬೇಕು ಎಂದೆಲ್ಲ ಇತ್ತು. ನನಗೆ ಓದಿ ಹೇಳಿದ. ಚೆನ್ನಾಗಿದೆ ಎಂದೆ.

ಎರಡು ವಾರಕ್ಕೆ ಉತ್ತರ ಬಂತು, ಆದರೆ ಇಂಗಿಮಾರನಿಗಲ್ಲ, ಸ್ವಾವಾಗೆ. ಅವಳು ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ನಮ್ಮಿಬ್ಬರಿಗೂ ಗಟ್ಟಿಯಾಗಿ ಓದಿ ಹೇಳಿದಳು. ಸ್ಟೋರ್ವಿಕ್‌ನಲ್ಲಿರುವಂಥ ದೊಡ್ಡ ಶಾಲೆಯಿಂದ ನಲವತ್ತು ಕಿಲೋಮೀಟರಿನೊಳಗೆ ಇರುವ ಸಣ್ಣ ಶಾಲೆಗಳನ್ನು ಅದರೊಂದಿಗೆ ಸೇರಿಸಬೇಕೆಂದು ನಿಯಮವಿದೆ. ಹ್ವಾಮ್ ಶಾಲೆ ನಲವತ್ತೆಂಟರಲ್ಲಿದೆ ಎಂದು ಇದುವರೆಗೆ ತಪ್ಪು ತಿಳಿಯಲಾಗಿತ್ತು. ಟೀಚರ ಗಂಡನೇ ಸ್ವಂತ ಇಚ್ಛೆಯಿಂದ ನಿಜವಾದ ದೂರ ತಿಳಿಸಿರುವುದರಿಂದ ಬೇರೆ ಸಾಕ್ಷಿ ಬೇಕಿಲ್ಲ. ಆದರೂ ಅಧಿಕಾರಿ ಏಯೋಲ್ವುರ್ ಖುದ್ದಾಗಿ ಬಂದು ನೋಡಿ, ಮುಚ್ಚುವ ಆದೇಶಕ್ಕೆ ಸಹಿ ಹಾಕುತ್ತಾರೆ.

ಓದಿ ಮುಗಿಸಿ ಕಾಗದ ಮಡಿಸಿದಳು. ಬೈಯಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು. ಆವತ್ತಿನಿಂದ ಇಂಗಿಮಾರನ ತಟ್ಟೆಗೆ ಬೆಣ್ಣೆಯಿಲ್ಲದ ಬೇಯಿಸಿದ ಮೀನು ಬಂತು, ದಿನಾ ಎರಡು ಹೊತ್ತು.

ಸುದ್ದಿ ಊರಿಗೆ ತಲುಪಲು ಮಧ್ಯಾಹ್ನದವರೆಗೂ ಕಾಯಬೇಕಾಗಲಿಲ್ಲ. ಇಂಗಿಮಾರ ತೊಟ್ಟಿಗೆ ಇಳಿದರೆ ಉಳಿದವರೆಲ್ಲ ಎದ್ದು ಟವೆಲ್ ಹುಡುಕಿದರು. ಅಂಗಡಿಯಲ್ಲಿ ಅವನು ಹೋದಾಗ ಮಾತ್ರ ಕಾಫಿ ಖಾಲಿಯಾಗಿರುತ್ತಿತ್ತು. ಅಜ್ಜಿ ಟ್ರ್ಯಾಕ್ಟರನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ನನ್ನ ಮರಿಮೊಮ್ಮಗಳಿಗೆ ಆರು ವರ್ಷ, ಅವಳು ಚಳಿಗಾಲದಲ್ಲಿ ದಿನಾ ಸ್ಟೋರ್ವಿಕ್ ದಾರಿಯ ಘಾಟಿ ದಾಟಬೇಕಾ ಎಂದು ಕೇಳಿದಳು. ಒಂಬತ್ತು ಕಿಲೋಮೀಟರ್ ಕಡಿಮೆ ದಾಟುತ್ತಾಳಲ್ಲ ಅಜ್ಜಿ ಎಂದು ಇವನು ಸಮಾಧಾನ ಮಾಡಿದ. ಅಜ್ಜಿ ಆಮೇಲೆ ಅವನೊಂದಿಗೆ ಮಾತು ಬಿಟ್ಟಳು.

ಒಂದು ದಿನ ಇಂಗಿಮಾರ ನಮ್ಮ ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಕೂತ. ಮುಖ ಇಳಿದುಹೋಗಿತ್ತು.

"ಶಾಲೆ ಮುಚ್ಲಿ ಅಂತ ನಂಗೆ ಆಸೆನಾ ಭಾವ? ಆ ಶಾಲೆ ಬಿಟ್ರೆ ಅವ್ಳಿಗೆ ಇನ್ನೇನಿದೆ, ನಂಗೊತ್ತಿಲ್ವಾ? ಆದ್ರೆ ಕಣ್ಣಾರೆ ಮೂವತ್ತೊಂಬತ್ತು ನೋಡ್ಬಿಟ್ಟು ನಲವತ್ತೆಂಟು ಅಂತ ಹೆಂಗೆ ಹೇಳ್ಲಿ?"

ಅಯ್ಯೋ ಅನ್ನಿಸಿತು. ಒಂದು ಬಟ್ಟಲು ಕಾಫಿ ಕೊಟ್ಟೆ.

ಅಧಿಕಾರಿ ಬರುವ ದಿನ ಬೆಳಗಿನಿಂದಲೇ ಘಾಟಿಯಲ್ಲಿ ಹಿಮ ಬಿದ್ದಿತ್ತು. ಏಯೋಲ್ವುರ್ ಸ್ಟೋರ್ವಿಕ್‌ನಿಂದ ಫೋನ್ ಮಾಡಿ, ಕಚೇರಿಯ ಕಾರು ಘಾಟಿ ಹತ್ತುವುದಿಲ್ಲ, ಇನ್ನೊಂದು ವಾರ ಬಿಟ್ಟು ಬರುತ್ತೇನೆ ಎಂದರಂತೆ. ಊರೇ ಉಸಿರು ಬಿಟ್ಟಿತು. ಆದರೆ ಇಂಗಿಮಾರ, ಮೂವತ್ತೆಂಟು ಇರುವಾಗ ಹಿಮ ಯಾವ ಲೆಕ್ಕ, ನಾನೇ ಬಂದು ಕರೆದುಕೊಂಡು ಬರುತ್ತೇನೆ ಎಂದು ಹೇಳಿಬಿಟ್ಟಿದ್ದ. ಆ ಮಾತು ಕೇಳಿ ಸ್ವಾವಾ ಹೊರಗೆ ಹೋಗಿ ಕುರಿಗಳ ಹತ್ತಿರ ಸ್ವಲ್ಪ ಹೊತ್ತು ನಿಂತು ಬಂದಳು. ನಾನು ಜೀಪಿನಲ್ಲಿ ಇಂಗಿಮಾರನ ಜೊತೆಗೆ ಹೋದೆ. ಯಾರಾದರೂ ದಾರಿಯಲ್ಲಿ ಅವನನ್ನು ಕೊಲ್ಲಬಾರದಲ್ಲ.

ಏಯೋಲ್ವುರ್ ಸಣ್ಣ ಆಳು, ದೊಡ್ಡ ಬ್ಯಾಗು. ಹಾಲಿನ ಕ್ರೇಟ್ ಮೇಲೆ ನಿಂತೂ ಸೀಟು ಎಟುಕದೆ, ನಾನು ಹಿಂದಿನಿಂದ ನೂಕಬೇಕಾಯಿತು. ಅವರ ಕಣ್ಣೆದುರೇ ಇಂಗಿಮಾರ ಮೀಟರನ್ನು ಸೊನ್ನೆಗೆ ತಂದ. ಘಾಟಿಯ ಬುಡದಲ್ಲಿ ಇಳಿದು ನಾಲ್ಕೂ ಟೈರಿನಿಂದ ಗಾಳಿ ಬಿಡತೊಡಗಿದ. ನಮ್ಮ ಕಡೆ ಮಕ್ಕಳಿಗೂ ಗೊತ್ತು, ಗಾಳಿ ಬಿಟ್ಟರೆ ದೊಡ್ಡ ಟೈರು ಹಿಮದ ಮೇಲೆ ಅಗಲವಾಗಿ ಹಾಸಿಕೊಂಡು ಹೂಳದೆ ನಡೆಯುತ್ತದೆ. ಏಯೋಲ್ವುರ್‌ಗೆ ಗೊತ್ತಿರಲಿಲ್ಲ. ಬುಸ್ಸೆನ್ನುವ ಸದ್ದು ಕೇಳಿ, ಊರಿನವರು ತನ್ನನ್ನು ಇಲ್ಲೇ ಬಿಟ್ಟು ಹೋಗುವ ಏರ್ಪಾಡು ಮಾಡಿದ್ದಾರೆ ಎಂದು ಬ್ಯಾಗನ್ನು ಅವುಚಿಕೊಂಡು ಕೂತರು. ಘಾಟಿ ದಾಟುವವರೆಗೂ ಅದನ್ನು ಸಡಿಲಿಸಲಿಲ್ಲ. ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳುತ್ತೇನೆ, ಜೀಪು ಅದ್ಭುತವಾಗಿ ನಡೆಯಿತು. ಇಳಿದ ಮೇಲೆ ಟೈರಿಗೆ ಮತ್ತೆ ಗಾಳಿ ತುಂಬಿಕೊಂಡು ಶಾಲೆಯ ಗೇಟಿನಲ್ಲಿ ನಿಂತಾಗ ಮೀಟರಿನಲ್ಲಿ ಮೂವತ್ತೊಂಬತ್ತು ಇತ್ತು. ಏಯೋಲ್ವುರ್ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ ಬರೆದುಕೊಂಡರು.

ಒಂದೇ ಕೋಣೆಯ ಶಾಲೆಯಲ್ಲಿ ಊರೆಲ್ಲ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತಿತ್ತು. ಮಕ್ಕಳು ಹತ್ತು ಜನ ಗೋಡೆಗೆ ಒರಗಿ ನಿಂತಿದ್ದರು. ಹನ್ನೊಂದನೆಯವಳಾದ ತನ್ನ ಮರಿಮೊಮ್ಮಗಳನ್ನು ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಸ್ವಾವಾ ಬೋರ್ಡಿನ ಪಕ್ಕ ನಿಂತಿದ್ದಳು, ಕೈಯಲ್ಲಿ ಸೀಮೆಸುಣ್ಣ ಹಿಡಿದಿದ್ದು ಅವಳಿಗೇ ನೆನಪಿರಲಿಲ್ಲ. ಏಯೋಲ್ವುರ್ ತಮಗೂ ಬೇಸರವಿದೆ, ಆದರೆ ದೂರ ದೂರವೇ ಎಂದು ಶುರುಮಾಡಿ ಪೆನ್ನು ತೆಗೆದರು.

ಆಗ ಹಾಫ್ಲಿದಿ ಬಂದ. ಬೂಟಿನ ಹಿಮ ಒದರುತ್ತಾ ಒಳಗೆ ಬಂದು, ಇಂಗಿಮಾರನ ಮುಂದೆ ಒಂದು ಕಾಗದ ಹಿಡಿದ. ರಾಜಧಾನಿಯಿಂದ ರಿಪೋರ್ಟ್ ಬಂದಿದೆ, ತನ್ನ ಯಂತ್ರ ಸರಿಯಾಗಿಯೇ ಇದೆ, ನೂರಹತ್ತು ಅಂದರೆ ನೂರಹತ್ತೇ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಇಂಗಿಮಾರ, ಮೀಟರಲ್ಲಿ ತೊಂಬತ್ತಿತ್ತು, ಭಾವನೇ ನೋಡಿದ್ದಾನೆ ಎಂದ. ಎಲ್ಲರೂ ನನ್ನನ್ನು ನೋಡಿದರು. ನಾನು ನನ್ನ ಬೂಟನ್ನು ನೋಡಿಕೊಂಡೆ.

ಸ್ವಾವಾಗೆ ಈ ದಂಡದ ವಿಷಯ ಗೊತ್ತಾದದ್ದು ಆ ಕ್ಷಣದಲ್ಲಿ. ಅವಳು ಗಂಡನನ್ನು ನೋಡಿದಳು, ಕಿಟಕಿಯಾಚೆ ನಿಂತ ಜೀಪಿನ ಟೈರನ್ನು ನೋಡಿದಳು, ಆಮೇಲೆ ಬೋರ್ಡಿನ ಕಡೆ ತಿರುಗಿ ದೊಡ್ಡದಾಗಿ ಬರೆದಳು.

"ಮಕ್ಕಳೇ, ಇಲ್ನೋಡಿ. ನಿಜವಾಗ್ಲೂ ನೂರಹತ್ತು ಇದ್ದಾಗ ಒಂದು ಮೀಟರು ತೊಂಬತ್ತು ಅಂತ ತೋರಿಸುತ್ತೆ. ಅದೇ ಮೀಟರು, ನಿಜವಾಗ್ಲೂ ನಲವತ್ತೆಂಟು ಇದ್ದಾಗ ಎಷ್ಟು ತೋರಿಸುತ್ತೆ?"

ಮಕ್ಕಳು ಪುಸ್ತಕವನ್ನು ಗೋಡೆಗೇ ಒತ್ತಿ ಹಿಡಿದು ಪೆನ್ಸಿಲಿನಲ್ಲಿ ಲೆಕ್ಕ ಹಾಕತೊಡಗಿದರು. ದೊಡ್ಡವರಲ್ಲೂ ಕೆಲವರು ಬೆರಳು ಮಡಿಸುತ್ತಿದ್ದರು. ಐದನೇ ತರಗತಿಯ ಹುಡುಗಿಯೊಬ್ಬಳು ಕೈಯೆತ್ತಿದಳು.

"ಮೂವತ್ತೊಂಬತ್ತು ಚಿಲ್ಲರೆ, ಟೀಚರ್."

ಟೈರ್ ಅಂಗಡಿಯವನ ಮುಖ ಆಗ ನನ್ನ ಕಣ್ಣ ಮುಂದೆ ಬಂದು ನಿಂತಿತು. ಟೈರು ದೊಡ್ಡದಾದರೆ ಒಂದೊಂದು ಸುತ್ತಿನಲ್ಲೂ ಹೆಚ್ಚು ದೂರ ಹೋಗುತ್ತದೆ, ಮೀಟರು ಪಾಪ ಹಳೇ ಟೈರಿನ ಲೆಕ್ಕದಲ್ಲೇ ಸುತ್ತು ಎಣಿಸುತ್ತಿರುತ್ತದೆ. ಇಷ್ಟೇ ವಿಷಯ. ಆ ಒಂಬತ್ತು ಕಿಲೋಮೀಟರನ್ನು ಟೈರು ನುಂಗಿತ್ತು.

ಏಯೋಲ್ವುರ್ ಮಾತ್ರ ಪೆನ್ನು ಕೆಳಗಿಡಲಿಲ್ಲ. ಇದು ಮಕ್ಕಳ ಲೆಕ್ಕ, ನಾನು ಕಣ್ಣಾರೆ ಕಂಡದ್ದು ಮೀಟರು ಎಂದರು. ಗಾಡಿಯ ಯಜಮಾನನೇ ತನ್ನ ಮೀಟರು ಸುಳ್ಳು ಎಂದು ಬರೆದುಕೊಟ್ಟರೆ ಬೇರೆ ಮಾತು. ಹಾಫ್ಲಿದಿಯೂ ತಕ್ಷಣ ಬಾಯಿ ಹಾಕಿದ. ಹಾಗೆ ಬರೆದುಕೊಟ್ಟರೆ ತಪಾಸಣೆಯಿಲ್ಲದೆ ಟೈರು ಬದಲಾಯಿಸಿದ ಗಾಡಿ ಎಂದು ತಾನು ಈಗಲೇ ನಂಬರ್ ಪ್ಲೇಟ್ ಬಿಚ್ಚಬೇಕಾಗುತ್ತದೆ, ಹಳೇ ದಂಡವನ್ನೂ ಕಟ್ಟಬೇಕಾಗುತ್ತದೆ ಎಂದ. ಮೀಟರು ಸರಿ ಎಂದರೆ ಶಾಲೆ ಹೋಯಿತು. ಸುಳ್ಳು ಎಂದರೆ ಜೀಪು ಹೋಯಿತು, ಮರ್ಯಾದೆಯೂ ಹೋಯಿತು, ಅದೂ ಸಾಲ್ವೋರ್ ಅಜ್ಜಿಯ ಎದುರಿಗೆ.

ಇಂಗಿಮಾರ ಮಗುವಿನ ಬೆಂಚಿನಿಂದ ಕಷ್ಟಪಟ್ಟು ಎದ್ದ. ಬೋರ್ಡಿನ ಮೇಲಿನ ಲೆಕ್ಕವನ್ನು ಬಹಳ ಹೊತ್ತು ನೋಡಿದ. ಅವನಿಗೆ ಅದು ಪೂರ್ತಿ ಅರ್ಥವಾಯಿತೆಂದು ನಾನು ಪ್ರಮಾಣ ಮಾಡಲಾರೆ. ಆಮೇಲೆ ಹೆಂಡತಿಯ ಮುಖ ನೋಡಿದ. ಅದು ಅರ್ಥವಾಯಿತು.

"ಬರ್ಕೊಳ್ಳಿ ಏಯೋಲ್ವುರ್ ಅವ್ರೇ," ಎಂದ. "ನನ್ನ ಮೀಟರು ಸುಳ್ಳು ಹೇಳುತ್ತೆ. ಅದು ಮೀಟರ್ ತಪ್ಪಲ್ಲ. ಸರಿಮಾಡ್ಸು ಅಂತ ಎರಡು ಸಲ ಹೇಳಿದ್ರು, ನಾನು ಕೇಳ್ಲಿಲ್ಲ. ಹ್ವಾಮ್ ನಲವತ್ತೆಂಟರಲ್ಲೇ ಇದೆ, ನಮ್ಮಪ್ಪನ ಕಾಲ್ದಿಂದ್ಲೂ ಅಲ್ಲೇ ಇದೆ."

ಬರೆದು, ಕೆಳಗೆ ಸಹಿ ಹಾಕಿದ. ಏಯೋಲ್ವುರ್ ಮುಚ್ಚುವ ಆದೇಶವನ್ನು ಮತ್ತೆ ಬ್ಯಾಗಿಗೆ ಸೇರಿಸಿದರು. ಅಜ್ಜಿ ಮರಿಮೊಮ್ಮಗಳನ್ನು ಕೆಳಗಿಳಿಸಿ, ಹೋಗು, ನಿನ್ನ ಜಾಗದಲ್ಲಿ ಕೂತ್ಕೋ ಎಂದಳು. ಯಾರೋ ಕಾಫಿ ಇದೆಯೆಂದರು. ಸ್ವಾವಾ ಬೋರ್ಡು ಒರೆಸುವ ನೆಪದಲ್ಲಿ ಕಣ್ಣೂ ಒರೆಸಿಕೊಂಡಳು. ನಾನೂ ಒರೆಸಿಕೊಂಡೆ, ನೆಪವಿಲ್ಲದೆ.

ಹಾಫ್ಲಿದಿ ಹೇಳಿದಂತೆ ಎರಡೂ ಪ್ಲೇಟ್ ಬಿಚ್ಚಿದ. ಪ್ಲೇಟಿಲ್ಲದ ಗಾಡಿಯನ್ನು ರಸ್ತೆಯ ಮೇಲೆ ಓಡಿಸುವಂತಿಲ್ಲ. ಹಾಗಾಗಿ ಸಾಲ್ವೋರ್ ಅಜ್ಜಿ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ, ಮೂವತ್ತೆಂಟು ಇಂಚಿನ ನಾಲ್ಕು ಟೈರಿನ ಜೀಪನ್ನು ಮನೆಯವರೆಗೆ ಎಳೆದುಕೊಂಡು ಹೋದಳು. ತೋಳಿನಲ್ಲಿ ಕೈಚೀಲ ಇತ್ತು. ಈ ಸಲ ಅವಳು ಏನೂ ಹೇಳಲಿಲ್ಲ. ಆವತ್ತು ಇಂಗಿಮಾರನ ಮೀನಿನ ಮೇಲೆ ಅರ್ಧ ಬಟ್ಟಲು ಬೆಣ್ಣೆ ಇತ್ತು, ನಾನೇ ನೋಡಿದೆ.

ಮುಂದಿನ ವಾರ ಮೆಕ್ಯಾನಿಕ್ ಹ್ವಾಮ್‌ಗೇ ಬಂದು ಮೀಟರ್ ಸರಿಮಾಡಿಕೊಟ್ಟ, ತಪಾಸಣೆಯೂ ಆಯಿತು, ಪ್ಲೇಟೂ ವಾಪಸ್ ಬಂತು. ಮೊದಲ ದಿನವೇ ಇಂಗಿಮಾರ ಸ್ಟೋರ್ವಿಕ್‌ಗೆ ಹೋಗಿಬಂದು ನೇರ ನಮ್ಮ ಮನೆಗೆ ಬಂದ. ಮುಖ ಗಂಭೀರವಾಗಿತ್ತು. ಬಾಗಿಲು ಮುಚ್ಚಿ, ಯಾರೂ ಇಲ್ಲವೆಂದು ಖಾತ್ರಿಮಾಡಿಕೊಂಡು, ದನಿ ತಗ್ಗಿಸಿದ.

"ಯಾರಿಗೂ ಹೇಳ್ಬೇಡ ಭಾವ. ಆ ಮೆಕ್ಯಾನಿಕ್ ಇಂಜಿನ್ ಕೆಡಿಸಿದ್ದಾನೆ. ತೊಂಬತ್ತರಲ್ಲೇ ಹೋದೆ, ಮುಂಚೆ ಇಪ್ಪತ್ತಾರು ನಿಮಿಷ ಹಿಡೀತಿತ್ತು, ಇವತ್ತು ಮೂವತ್ತೆರಡು."